ಚೇಂಬರ್ ಸಂಗೀತಕ್ಕೆ ಜೊತೆಗಾರರು: ಆರ್ಕೆಸ್ಟ್ರಾವೇ, ಹೆಸರುಪಟ್ಟಿಯೇ, ಶಿಬಿರವೇ?

ಕೆಲವೇ ವಾದಕರು ಸೇರಿ ನುಡಿಸುವ ಪಾಶ್ಚಾತ್ಯ ಶಾಸ್ತ್ರೀಯ ಚೇಂಬರ್ ಸಂಗೀತಕ್ಕೆ ಜೊತೆಗಾರರನ್ನು ಹುಡುಕಲು ಮೂರು ದಾರಿಗಳಿವೆ: ಹಲವು ವಾದಕರ ಹವ್ಯಾಸಿ ಆರ್ಕೆಸ್ಟ್ರಾ ಸೇರುವುದು, ವಾದಕರ ಹೆಸರುಪಟ್ಟಿಯಲ್ಲಿ ಹುಡುಕುವುದು, ಸಂಗೀತ ಶಿಬಿರಕ್ಕೆ ಹೋಗುವುದು. ಖರ್ಚು ಮುಖ್ಯವಾದರೆ ಶಿಬಿರ ಹಿಂದೆ ಬೀಳುತ್ತದೆ. ಊಟ, ವಸತಿ, ಮಾರ್ಗದರ್ಶಕರ ಶುಲ್ಕ ಎಲ್ಲವೂ ಸೇರಿಕೊಳ್ಳುತ್ತವೆ. ಹವ್ಯಾಸಿ ಆರ್ಕೆಸ್ಟ್ರಾಕ್ಕೆ ಹಣಕ್ಕಿಂತ ವಾರವಾರದ ಸಮಯ ಬೇಕು.

ನಿಜವಾದ ತೊಡಕು ಮಟ್ಟದ ಹೊಂದಾಣಿಕೆ. ಕ್ವಾರ್ಟೆಟ್‌ನಲ್ಲಿ (ನಾಲ್ವರ ತಂಡದಲ್ಲಿ) ಒಂದು ಭಾಗಕ್ಕೆ ಒಬ್ಬರೇ ಇರುವುದರಿಂದ ಅಡಗಿಕೊಳ್ಳಲು ಜಾಗವಿಲ್ಲ. ಆರ್ಕೆಸ್ಟ್ರಾದಲ್ಲಿ ಪಕ್ಕದವರು ವಿರಾಮದ ಮಾತ್ರೆಗಳನ್ನು ಹೇಗೆ ಎಣಿಸುತ್ತಾರೆ, ದಾರಿ ತಪ್ಪಿದಾಗ ಎಲ್ಲಿ ಮತ್ತೆ ಸೇರಿಕೊಳ್ಳುತ್ತಾರೆ ಎಂಬುದನ್ನು ಕೆಲವು ವಾರ ಕಿವಿಯಾರೆ ಕೇಳಿಯೇ ಮನೆಗೆ ಕರೆಯಬಹುದು. 1947ರಲ್ಲಿ ಅಮೆರಿಕದಲ್ಲಿ ಆರಂಭವಾದ ಎಸಿಎಂಪಿಯಂಥ, ಚೇಂಬರ್ ಸಂಗೀತದ ಹವ್ಯಾಸಿಗಳನ್ನು ಬೆಸೆಯುವ ಸಂಸ್ಥೆಯ ಪಟ್ಟಿಯಲ್ಲಾದರೋ ವಾದಕರು ತಮ್ಮ ಮಟ್ಟವನ್ನು ತಾವೇ ಗುರುತಿಸಿಕೊಳ್ಳುತ್ತಾರೆ. ಸಂಕೋಚದವರು ಕಡಿಮೆ ಬರೆದುಕೊಳ್ಳುವುದೂ ಉಂಟು. ಆದ್ದರಿಂದ ಈಚೆಗೆ ಯಾವ ಕೃತಿ ನುಡಿಸಿದಿರಿ ಎಂದು ಕೇಳುವುದೇ ಲೇಸು.

ಊರೂರು ತಿರುಗುವವರಿಗೆ ಪಟ್ಟಿ ಅನುಕೂಲ. ಗುಂಪಿನಲ್ಲಿ ಎಂದೂ ನುಡಿಸದವರಿಗೆ, ತಂಡವನ್ನು ಸಂಘಟಕರೇ ಕಟ್ಟಿಕೊಡುವ ಶಿಬಿರ ಒಳ್ಳೆಯದು, ಆದರೆ ಅಲ್ಲಿಯ ಜೊತೆಗಾರರು ಬಳಿಕ ದೂರದೂರುಗಳಿಗೆ ಚದುರುತ್ತಾರೆ. ವರ್ಷಗಟ್ಟಲೆ ಉಳಿಯುವ ತಂಡ ಬೇಕಿದ್ದರೆ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಹುಡುಕಿ. ವಯೋಲಾ (ಪಿಟೀಲಿಗಿಂತ ತುಸು ದೊಡ್ಡ ತಂತಿವಾದ್ಯ) ವಾದಕರು ಕಂಡರಂತೂ ಮೊದಲು ಅವರನ್ನೇ ಮಾತನಾಡಿಸಿ, ಏಕೆಂದರೆ ಪಿಟೀಲಿನವರು ಸಿಕ್ಕಷ್ಟು ಸುಲಭವಾಗಿ ಅವರು ಸಿಗುವುದಿಲ್ಲ.