ಆರ್‌ನಲ್ಲಿ ವೆಬ್ ಟೇಬಲ್: ಒಂದೇ ಡೇಟಾ, ಐದು ಪ್ಯಾಕೇಜ್

ಡೇಟಾ ಲೆಕ್ಕಾಚಾರಕ್ಕೆ ಬಳಸುವ ಆರ್ ಭಾಷೆಯಲ್ಲಿ ಟೇಬಲ್ ಚೆಂದ ಮಾಡೋ ಪ್ಯಾಕೇಜುಗಳಿಗೆ (ಸೇರಿಸಿಕೊಳ್ಳುವ ಸಿದ್ಧ ಕೋಡ್‌ನ ಕಟ್ಟುಗಳಿಗೆ) ಬರವಿಲ್ಲ. ಯಾವುದು ಒಳ್ಳೆಯದು ಅಂತ ಕೇಳಿದರೆ ಪ್ರತಿಯೊಬ್ಬರೂ ತಾವು ಮೊದಲು ಕಲಿತದ್ದನ್ನೇ ಹೇಳುತ್ತಾರೆ. ಅದಕ್ಕೇ ಒಂದೇ ಡೇಟಾ, ಒಂದೇ ಕೆಲಸ ಇಟ್ಟುಕೊಂಡು ಐದನ್ನೂ ಓಡಿಸಿ ನೋಡಿದೆ: ಕೇಬಲ್‌ಎಕ್ಸ್‌ಟ್ರಾ, ಜಿಟಿ, ಫ್ಲೆಕ್ಸ್‌ಟೇಬಲ್, ಡಿಟಿ, ರಿಯಾಕ್ಟೇಬಲ್.

ಡೇಟಾ ಆರ್ ಜೊತೆಗೇ ಬರುವ 'ಏರ್‌ಕ್ವಾಲಿಟಿ'. ನ್ಯೂಯಾರ್ಕ್‌ನಲ್ಲಿ 1973ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ದಿನಾ ಅಳೆದ ಗಾಳಿಯ ಲೆಕ್ಕ. 153 ಸಾಲು, 6 ಕಾಲಂ. ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಓಝೋನ್ ಕಾಲಂನಲ್ಲಿ 37 ಕಡೆ, ಸೋಲಾರ್ ಕಾಲಂನಲ್ಲಿ 7 ಕಡೆ ಅಳತೆಯೇ ಇಲ್ಲ, ಸುಮ್ನೆ 'ಎನ್‌ಎ' ಕೂತಿದೆ. ಎಲ್ಲ ಸೆಲ್ ತುಂಬಿರುವ ಡೇಟಾ ಕೊಟ್ಟರೆ ಯಾವ ಪ್ಯಾಕೇಜೂ ಚೆನ್ನಾಗೇ ಕಾಣುತ್ತದೆ. ತೂತಿರುವ ಡೇಟಾ ಕೊಟ್ಟಾಗಲೇ ಬಣ್ಣ ಬಯಲಾಗೋದು.

ಮಾಡಬೇಕಿದ್ದ ಕೆಲಸ ಇಷ್ಟು: ಸಾಲುಗಳನ್ನು ತಿಂಗಳ ಪ್ರಕಾರ ಗುಂಪು ಮಾಡಬೇಕು. ಗಾಳಿಯ ವೇಗಕ್ಕೆ ಒಂದು ದಶಮಾಂಶ ಸ್ಥಾನ ಇರಬೇಕು. ತಾಪಮಾನ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಸೆಲ್ ಕೆಂಪಾಗಬೇಕು. ಎನ್‌ಎ ಇದ್ದಲ್ಲಿ ಒಂದು ಗೆರೆ ಬರಬೇಕು.

ಮೊದಲು ಕೇಬಲ್‌ಎಕ್ಸ್‌ಟ್ರಾ. ಆರ್ ಕೋಡ್‌ನಿಂದ ವರದಿ ತಯಾರಿಸುವ ನಿಟರ್ ಪ್ಯಾಕೇಜಿನ 'ಕೇಬಲ್' ಫಂಕ್ಷನ್ ಮೇಲೆ ಕಟ್ಟಿದ್ದು, ಶುರು ಮಾಡೋಕೆ ತುಂಬಾ ಸುಲಭ. ಒಂದು ಸಾಲು ಕೋಡ್ ಹಾಕಿದರೆ ಪಟ್ಟೆಪಟ್ಟೆ ಟೇಬಲ್ ರೆಡಿ. ಆದರೆ ಆ ಪಟ್ಟೆ ಬರೋದು ಬೂಟ್‌ಸ್ಟ್ರಾಪ್ ಅನ್ನೋ ವೆಬ್ ಪುಟದ ಸಿದ್ಧ ವಿನ್ಯಾಸದಿಂದ. ಪುಟದಲ್ಲಿ ಬೂಟ್‌ಸ್ಟ್ರಾಪ್ ಇಲ್ಲದಿದ್ದರೆ ಪಟ್ಟೆಯೂ ಇಲ್ಲ. 'ಕೇಬಲ್_ಕ್ಲಾಸಿಕ್'ನಂಥ ಥೀಮ್‌ಗಳು ಮಾತ್ರ ತಮ್ಮ ಸಿಎಸ್‌ಎಸ್ (ಪುಟದ ಬಣ್ಣ, ಅಂದ ಹೇಳುವ ಕೋಡ್) ತಾವೇ ತರುತ್ತವೆ.

ತಾಪತ್ರಯ ಶುರುವಾಗೋದು ಕೆಂಪು ಸೆಲ್‌ನಲ್ಲಿ. 'ಸೆಲ್_ಸ್ಪೆಕ್' ಬಳಸಿದರೆ 93 ಅನ್ನೋ ಸಂಖ್ಯೆ ಎಚ್‌ಟಿಎಂಎಲ್ ಟ್ಯಾಗ್ ಸುತ್ತಿದ ಪಠ್ಯವಾಗಿಬಿಡುತ್ತದೆ. ಪಠ್ಯ ಆದ ಕೂಡಲೇ ಇಡೀ ಕಾಲಂ ಎಡಕ್ಕೆ ಸರಿಯುತ್ತದೆ. ಟ್ಯಾಗನ್ನು ಬರೀ ಅಕ್ಷರವಾಗಿ ತೋರಿಸುವ 'ಎಸ್ಕೇಪ್' ಆಫ್ ಮಾಡದಿದ್ದರೆ ಟ್ಯಾಗ್ ಕೂಡ ಓದುಗರ ಕಣ್ಣಿಗೆ ಬೀಳುತ್ತದೆ. 'ಕಾಲಂ_ಸ್ಪೆಕ್'ಗೆ ಬಣ್ಣಗಳ ವೆಕ್ಟರ್ (ಸಾಲಿಗೊಂದರಂತೆ ಪಟ್ಟಿ) ಕೊಡೋದು ಇದಕ್ಕಿಂತ ವಾಸಿ, ಸಂಖ್ಯೆ ಸಂಖ್ಯೆಯಾಗೇ ಉಳಿಯುತ್ತದೆ. ಆದರೆ ಆ ವೆಕ್ಟರ್ ಅನ್ನು ಡೇಟಾದಿಂದ ನಾವೇ ಬೇರೆಯಾಗಿ ಲೆಕ್ಕ ಹಾಕಿ ಕೊಡಬೇಕು. ಟೇಬಲ್ ಒಂದು ಕ್ರಮದಲ್ಲಿ, ವೆಕ್ಟರ್ ಇನ್ನೊಂದು ಕ್ರಮದಲ್ಲಿ ಇದ್ದರೆ ಬಣ್ಣ ಬೇರೆ ಸಾಲಿಗೆ ಹೋಗುತ್ತದೆ, ಎರರ್ ಏನೂ ಬರಲ್ಲ. ಗುಂಪಿನ ಕಥೆಯೂ ಅದೇ. 'ಪ್ಯಾಕ್_ರೋಸ್'ಗೆ ಮೇ 31, ಜೂನ್ 30 ಅಂತ ಎಣಿಕೆ ಕೊಡಬೇಕು. ಮಧ್ಯೆ ಎರಡು ಸಾಲು ತೆಗೆದು ಎಣಿಕೆ ಬದಲಿಸದಿದ್ದರೆ ಜೂನ್ ಹೆಸರಿನ ಕೆಳಗೆ ಜುಲೈ ದಿನಗಳು ಬಂದು ಸೇರುತ್ತವೆ.

ಜಿಟಿ ಇದನ್ನು ಬೇರೆ ದಾರಿಯಲ್ಲಿ ಮಾಡುತ್ತದೆ. ನೀವು ಬಣ್ಣ ಹಚ್ಚೋದಿಲ್ಲ, ನಿಯಮ ಹೇಳುತ್ತೀರಿ: ತಾಪಮಾನದ ಕಾಲಂನಲ್ಲಿ, ತಾಪಮಾನ 90 ದಾಟಿದ ಸಾಲುಗಳಲ್ಲಿ, ಈ ಸ್ಟೈಲ್. ಲೆಕ್ಕ ನಡೆಯೋದು ಟೇಬಲ್ ಒಳಗಿರುವ ಡೇಟಾ ಮೇಲೆಯೇ. ಹಾಗಾಗಿ ಮೊದಲೇ ಸಾಲು ಕಡಿಮೆ ಮಾಡಿದರೂ, ಕ್ರಮ ಬದಲಿಸಿದರೂ ಬಣ್ಣ ತಪ್ಪಲ್ಲ. ಗುಂಪಿಗೆ ಕಾಲಂ ಹೆಸರು ಕೊಟ್ಟರೆ ಸಾಕು, ಎಣಿಸೋ ಗೋಜಿಲ್ಲ. 'ಸಬ್_ಮಿಸ್ಸಿಂಗ್' ಅಂದರೆ ಎನ್‌ಎ ಜಾಗದಲ್ಲಿ ಗೆರೆ ಬರುತ್ತದೆ, ಆ ಟೇಬಲ್‌ಗೆ ಮಾತ್ರ. ಕೇಬಲ್‌ನಲ್ಲಿ ಇದಕ್ಕಿರೋದು ಇಡೀ ಡಾಕ್ಯುಮೆಂಟ್‌ಗೆ ಅನ್ವಯಿಸುವ ಆಪ್ಷನ್.

ಬೈಯೋದಕ್ಕೂ ಇದೆ. ಒಂದು ಸೆಲ್ ಕೆಂಪು ಮಾಡೋಕೆ ಫಂಕ್ಷನ್ ಒಳಗೆ ಫಂಕ್ಷನ್ ಒಳಗೆ ಫಂಕ್ಷನ್. ಸ್ಟೈಲ್ ಒಂದು ಕಡೆ, ಜಾಗ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಸಹಾಯಕ ಫಂಕ್ಷನ್. ಓದೋಕೆ ಸ್ಪಷ್ಟ, ಟೈಪ್ ಮಾಡೋಕೆ ಬೇಜಾರು. ಓಝೋನ್ ಕಾಲಂಗೆ 'ಡೇಟಾ_ಕಲರ್' ಹಾಕಿದಾಗ ಇನ್ನೊಂದು ಕಾಣಿಸಿತು. ಕಡಿಮೆಯಿಂದ ಜಾಸ್ತಿಗೆ ಬಣ್ಣ ಸೊಗಸಾಗಿ ಏರುತ್ತದೆ, ಗಾಢ ಬಣ್ಣದ ಮೇಲೆ ಅಕ್ಷರ ತಾನಾಗೇ ಬಿಳಿಯಾಗುತ್ತದೆ. ಆದರೆ ಆ 37 ಖಾಲಿ ಸೆಲ್‌ಗಳು ದಟ್ಟ ಬೂದು! ಅಳತೆಯೇ ಇಲ್ಲದ ದಿನಗಳು ಟೇಬಲ್‌ನಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆಯುತ್ತವೆ. ಎನ್‌ಎಗೆ ಬಿಳಿ ಬಣ್ಣ ಅಂತ ನಾವೇ ಹೇಳಬೇಕು. ಸಾವಿರಾರು ಸಾಲು ಕೊಟ್ಟರೆ ಜಿಟಿ ನಿಧಾನ ಕೂಡ. ಆದರೆ ಅಷ್ಟು ಸಾಲನ್ನು ಯಾರೂ ಕೂತು ಓದಲ್ಲ, ಅಲ್ವಾ?

ಫ್ಲೆಕ್ಸ್‌ಟೇಬಲ್‌ನಲ್ಲಿ ಕೆಂಪು ಸೆಲ್‌ನ ಕೋಡ್ ಐದರಲ್ಲೇ ನನಗೆ ಜಾಸ್ತಿ ಹಿಡಿಸಿತು. ಸಾಲಿನ ಜಾಗದಲ್ಲಿ ಒಂದು ಟಿಲ್ಡೆ (~) ಹಾಕಿ ಷರತ್ತು ಬರೆದರೆ ಮುಗಿಯಿತು. ಅದೇ ಟೇಬಲ್ ವರ್ಡ್‌ಗೂ ಪವರ್‌ಪಾಯಿಂಟ್‌ಗೂ ಹೋಗುತ್ತದೆ. ಇದರ ನಿಜವಾದ ಶಕ್ತಿ ಅಲ್ಲೇ ಇರೋದು. ಗುಂಪು ಮಾಡುವಾಗ ಮಾತ್ರ ತಿಂಗಳ ಹೆಸರಿಗಾಗಿ ಡೇಟಾದ ಒಳಗೇ ಹೊಸ ಸಾಲು ಸೇರಿಸುತ್ತದೆ, ಇದು ನನಗೆ ಸರಿಬರಲಿಲ್ಲ. ಬರೀ ವೆಬ್ ಸಾಕು ಅನ್ನೋರು ಇದರ ಹಿಂದೆ ಹೋಗಬೇಕಿಲ್ಲ.

ಡಿಟಿ ಮತ್ತು ರಿಯಾಕ್ಟೇಬಲ್ ಬೇರೆಯದೇ ಜಾತಿ. ಇವು ಸಂಖ್ಯೆಗಳನ್ನು ಪುಟದೊಳಗೆ ಇಟ್ಟು ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್‌ನಿಂದ ಟೇಬಲ್ ಕಟ್ಟುತ್ತವೆ. ಓದುಗರು ತಲೆಸಾಲು ಒತ್ತಿ ಸಾರ್ಟ್ ಮಾಡಬಹುದು, ಹುಡುಕಬಹುದು. ಒಂದು ಸಣ್ಣ ವ್ಯತ್ಯಾಸ ಇಲ್ಲಿ ತಕ್ಷಣ ಕಾಣುತ್ತದೆ. ಗಾಳಿಯ ಕಾಲಂನಲ್ಲಿ 7.4, ಅದರ ಕೆಳಗೆ 8. ಕೇಬಲ್ ಮತ್ತು ಜಿಟಿ ಹೇಳದೆಯೇ 8.0 ಅಂತ ಬರೆದಿದ್ದವು. ಇವೆರಡರಲ್ಲಿ ಸೊನ್ನೆ ಉದುರಿಹೋಗಿ ಚುಕ್ಕಿಗಳು ಒಂದರ ಕೆಳಗೊಂದು ನಿಲ್ಲುವುದೇ ಇಲ್ಲ. ಡಿಟಿಯಲ್ಲಿ 'ಫಾರ್ಮ್ಯಾಟ್‌ರೌಂಡ್', ರಿಯಾಕ್ಟೇಬಲ್‌ನಲ್ಲಿ 'ಕಾಲ್‌ಫಾರ್ಮ್ಯಾಟ್' ಕೊಟ್ಟರೆ ಸರಿಹೋಗುತ್ತದೆ. ತೋರಿಕೆ ಮಾತ್ರ ಬದಲಾಗೋದು, ಒಳಗೆ ಸಂಖ್ಯೆ ಹಾಗೇ ಇರೋದರಿಂದ ಸಾರ್ಟ್ ಕೆಡಲ್ಲ.

ಡಿಟಿಯ ಬಣ್ಣದ ಫಂಕ್ಷನ್‌ಗಳು ಸರಳ. 'ಸ್ಟೈಲ್‌ಇಂಟರ್ವಲ್'ಗೆ 90 ಮತ್ತು ಎರಡು ಬಣ್ಣ ಕೊಟ್ಟರೆ ಆಯಿತು. ಗುಂಪು ಮಾಡೋಕೆ ಹೋದಾಗ ಮಾತ್ರ ಕಾಲಂ ಎಣಿಕೆ ಸೊನ್ನೆಯಿಂದ ಶುರು, ಯಾಕೆಂದರೆ ಅದು ಜಾವಾಸ್ಕ್ರಿಪ್ಟ್ ಲೆಕ್ಕ. ಮೇಲಾಗಿ ಸಾಲಿನ ಹೆಸರುಗಳ ಕಾಲಂ ತೋರಿಸಿದ್ದರೆ ಸೊನ್ನೆ ಅದಕ್ಕೇ ಹೋಗುತ್ತದೆ. ಆರ್‌ನಲ್ಲಿ ಒಂದರಿಂದ ಎಣಿಸಿ ಅಭ್ಯಾಸವಾದ ಕೈಗೆ ಇದು ಪ್ರತಿ ಸಲ ಕಿರಿಕಿರಿ.

ರಿಯಾಕ್ಟೇಬಲ್‌ನಲ್ಲಿ ಎಲ್ಲಕ್ಕೂ ಕಾಲಂ ಹೆಸರೇ. ಗುಂಪು ಮಡಚಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಎತ್ತರ ಕೊಟ್ಟರೆ ತಲೆಸಾಲು ಮೇಲೆ ಅಂಟಿಕೊಂಡೇ ಇರುತ್ತದೆ. ಸ್ಟೈಲ್‌ಗೆ ಮಾಮೂಲಿ ಆರ್ ಫಂಕ್ಷನ್ ಬರೆಯಬಹುದು, ಅದು ಒಂದೊಂದು ಸೆಲ್‌ಗೂ ಓಡುತ್ತದೆ. ತಾಪಮಾನದ ಕಾಲಂನಲ್ಲಿ ಸಲೀಸಾಗಿ ಓಡಿದ ಅದೇ 'ಇಫ್' ಓಝೋನ್‌ಗೆ ಹಾಕಿದರೆ ಎರರ್ ಬಂದು ನಿಲ್ಲುತ್ತದೆ, ಏಕೆಂದರೆ ಎನ್‌ಎ ನೂರಕ್ಕಿಂತ ದೊಡ್ಡದಾ ಅನ್ನೋದಕ್ಕೆ ಆರ್ ಹೌದು ಅನ್ನಲ್ಲ, ಇಲ್ಲ ಅನ್ನೋದೂ ಇಲ್ಲ. 'ಈಸ್.ಎನ್‌ಎ' ನೋಡಿಕೊಂಡು ಮುಂದೆ ಹೋಗಬೇಕು. ಇದು ತೊಂದರೆ ಅಂತ ನನಗನ್ನಿಸಲ್ಲ. ಕೇಬಲ್‌ಎಕ್ಸ್‌ಟ್ರಾದ ಹಾಗೆ ಬಾಯಿ ಮುಚ್ಚಿಕೊಂಡು ಬೇರೆ ಸಾಲಿಗೆ ಬಣ್ಣ ಹಚ್ಚೋದಕ್ಕಿಂತ ಎರರ್ ಕೊಡೋದೇ ಮೇಲು.

ಆದರೂ ಎಲ್ಲ ಟೇಬಲ್‌ಗೂ ಇದನ್ನೇ ಹಾಕೋದು ಬೇಡ. ಹತ್ತು ಸಾಲಿಗೊಂದು ಪುಟ ಅನ್ನೋದು ಡಿಟಿ, ರಿಯಾಕ್ಟೇಬಲ್ ಎರಡರಲ್ಲೂ ಮೊದಲೇ ಇರುವ ಸೆಟ್ಟಿಂಗ್. ಬ್ರೌಸರ್‌ನ ಹುಡುಕಾಟಕ್ಕೆ ಹನ್ನೊಂದನೇ ಸಾಲು ಸಿಗಲ್ಲ. ಪ್ರಿಂಟ್ ಕೊಟ್ಟರೆ ಎದುರಿಗಿರುವ ಪುಟ ಮಾತ್ರ ಬರುತ್ತದೆ. ಜಾವಾಸ್ಕ್ರಿಪ್ಟ್ ಓಡದ ಇಮೇಲ್‌ನಲ್ಲಿ ಟೇಬಲ್ಲೇ ಇಲ್ಲ. ಜಿಟಿಯಲ್ಲಿ ಸಿಎಸ್‌ಎಸ್ ಅನ್ನು ಸೆಲ್ ಸೆಲ್‌ಗೂ ಸೇರಿಸಿ ಕೊಡುವ 'ಆಸ್_ರಾ_ಎಚ್‌ಟಿಎಂಎಲ್' ಇದೆ, ಇಮೇಲ್‌ಗೆ ಅದೇ ಸರಿ.

ಹಾಗಾಗಿ ಓದೋ ಟೇಬಲ್‌ಗೆ ನಾನು ಜಿಟಿ, ಹುಡುಕೋ ಟೇಬಲ್‌ಗೆ ರಿಯಾಕ್ಟೇಬಲ್ ಇಟ್ಟುಕೊಂಡಿದ್ದೇನೆ. ಶೈನಿ ಆ್ಯಪ್‌ನಲ್ಲಿ (ಆರ್‌ನಲ್ಲೇ ಕಟ್ಟುವ ವೆಬ್ ಆ್ಯಪ್) ಡೇಟಾ ತುಂಬಾ ದೊಡ್ಡದಿದ್ದರೆ ಡಿಟಿ, ಏಕೆಂದರೆ ಅದು ಕೇಳಿದಷ್ಟೇ ಸಾಲನ್ನು ಸರ್ವರ್‌ನಿಂದ ತರುತ್ತದೆ. ಜಿಟಿ ಎಳೆದು ತರುವ ಪ್ಯಾಕೇಜುಗಳ ಪಟ್ಟಿ ನೋಡಿ ಬೇಸರ ಅನ್ನೋರು ಟೈನಿಟೇಬಲ್ ನೋಡಬಹುದು. ಅದಕ್ಕೆ ಬೇರೆ ಯಾವ ಪ್ಯಾಕೇಜೂ ಬೇಕಿಲ್ಲ.

ಜಿಟಿಗೆ ಹೋಗೋರಿಗೆ ಇನ್ನೊಂದು ವಿಷಯ. ಅದು ಪ್ರತಿ ಟೇಬಲ್‌ಗೂ ಮನಸ್ಸಿಗೆ ಬಂದ ಅಕ್ಷರಗಳ ಐಡಿ ಕೊಟ್ಟು, ಸಿಎಸ್‌ಎಸ್ ಎಲ್ಲವನ್ನೂ ಆ ಐಡಿಗೆ ಕಟ್ಟುತ್ತದೆ. ಒಂದು ಟೇಬಲ್‌ನ ಸ್ಟೈಲ್ ಇನ್ನೊಂದಕ್ಕೆ ಸೋರಲ್ಲ, ಅದು ಒಳ್ಳೆಯದೇ. ಆದರೆ ಪುಟವನ್ನು ಮತ್ತೆ ರೆಂಡರ್ ಮಾಡಿದಾಗಲೆಲ್ಲ ಐಡಿ ಬದಲಾಗುತ್ತದೆ. ಎಚ್‌ಟಿಎಂಎಲ್ ಫೈಲನ್ನು ಗಿಟ್‌ನಲ್ಲಿ (ಫೈಲಿನ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಇಟ್ಟಿದ್ದರೆ, ಒಂದು ಸಂಖ್ಯೆಯೂ ಬದಲಾಗದಿದ್ದರೂ ನೂರಾರು ಸಾಲು ಬದಲಾದಂತೆ ತೋರಿಸುತ್ತದೆ. ಟೇಬಲ್ ಶುರು ಮಾಡುವಾಗಲೇ ನಿಮ್ಮದೇ ಒಂದು ಐಡಿ ಕೊಟ್ಟುಬಿಡಿ.