ಕಳ್ಳನಿಲ್ಲದೆ ಕೂಗುವ ಮೋಟರ್‌ಹೋಮ್ ಅಲಾರಂ: ವೈರ್‌ಲೆಸ್ ಕಿಟ್‌ಗಳ ಒಳಿತು ಕೆಡುಕು

ಒಂದು ಕಂಟ್ರೋಲ್ ಬಾಕ್ಸ್, ಒಳಗೇ ಬ್ಯಾಟರಿ ಇರುವ ಸೈರನ್, ಒಂದೆರಡು ಪಿಐಆರ್ ಸೆನ್ಸರ್ (ಶಾಖದ ಸರಿದಾಟದಿಂದ ಮನುಷ್ಯರನ್ನು ಗುರುತಿಸುವಂಥದು), ಬಾಗಿಲು ಮತ್ತು ಹೊರಗಿನ ಲಾಕರ್‌ಗಳಿಗೆ ನಾಲ್ಕಾರು ಮ್ಯಾಗ್ನೆಟ್ ಕಾಂಟ್ಯಾಕ್ಟ್ (ಬಾಗಿಲ ಮೇಲಿನ ಮ್ಯಾಗ್ನೆಟ್ ದೂರವಾದೊಡನೆ ತೆರೆದುಕೊಳ್ಳುವ ಸ್ವಿಚ್), ಎರಡು ರಿಮೋಟ್. ಮೋಟರ್‌ಹೋಮ್‌ಗೆಂದು, ಅಂದರೆ ಒಳಗೇ ವಾಸಿಸಬಹುದಾದ ವಾಹನಕ್ಕೆಂದು, ಮಾರುವ ವೈರ್‌ಲೆಸ್ ಅಲಾರಂ ಕಿಟ್‌ಗಳಲ್ಲಿ ಹೆಚ್ಚಿನವುಗಳ ಪೆಟ್ಟಿಗೆ ಬಿಚ್ಚಿದರೆ ಸಿಗುವುದು ಇಷ್ಟು. ಬಾಗಿಲು ತೆರೆದಾಗ ಕೂಗುವ ಕೆಲಸವನ್ನು ಎಲ್ಲವೂ ಸರಿಯಾಗಿಯೇ ಮಾಡುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಗೊತ್ತಾಗುವುದು ಯಾರೂ ಬಾರದೆ ಸೈರನ್ ಹೊಡೆದುಕೊಂಡ ಮೇಲೆ. ಯಾವ ಸೆನ್ಸರ್‌ನಿಂದ ಹೀಗಾಯಿತು ಎಂದು ಆಗ ತಿಳಿಸುವ ಕಿಟ್ಟನ್ನು ಕೊಳ್ಳಬಹುದು. ತಿಳಿಸದ ಕಿಟ್ ಎಷ್ಟೇ ಅಗ್ಗವಾದರೂ ಬೇಡ.

ಹೀಗೆ ತಿಳಿಸುವ ಸೌಲಭ್ಯಕ್ಕೆ ಅಲಾರಂ ಮೆಮೊರಿ ಎನ್ನುತ್ತಾರೆ. ಅಲಾರಂ ಆಫ್ ಮಾಡಿದ ಮೇಲೆ ಎಲ್‌ಇಡಿ ಇಷ್ಟು ಸಲ ಮಿನುಗಿದರೆ ಇಂಥ ಝೋನ್ (ಅಂದರೆ ಇಂಥ ಸೆನ್ಸರ್ ಅಥವಾ ಸೆನ್ಸರ್‌ಗಳ ಗುಂಪು) ಎಂಬ ಪಟ್ಟಿ ಕೈಪಿಡಿಯಲ್ಲಿರುತ್ತದೆ. ಕೀಪ್ಯಾಡ್ ಇದ್ದರೆ ಝೋನ್ ಸಂಖ್ಯೆಯೇ ಕಾಣುತ್ತದೆ. ಮತ್ತೆ ಆನ್ ಮಾಡಿದೊಡನೆ ಹಲವು ಕಿಟ್‌ಗಳಲ್ಲಿ ಈ ದಾಖಲೆ ಅಳಿಸಿಹೋಗುತ್ತದೆ, ಹಾಗಾಗಿ ಮೊದಲು ಬರೆದಿಟ್ಟುಕೊಳ್ಳಿ. ಹೊತ್ತು, ಬಿಸಿಲು ಅಥವಾ ಗಾಳಿ, ಆಗ ಹೀಟರ್ ಇಲ್ಲವೇ ಫ್ರಿಜ್ ಓಡುತ್ತಿತ್ತೇ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಬಹಳ ಜನ ಇದಾವುದನ್ನೂ ನೋಡದೆ ಮೊದಲು ಸೆನ್ಸಿಟಿವಿಟಿ ಇಳಿಸುತ್ತಾರೆ. ಅದರಿಂದ ದೋಷ ಇದ್ದಲ್ಲೇ ಇರುತ್ತದೆ, ಕಳ್ಳನಿಗೆ ಮಾತ್ರ ಅನುಕೂಲ. ಮೆಮೊರಿ ಇಲ್ಲದ ಕಿಟ್ ಈಗಾಗಲೇ ಕೂತಿದ್ದರೆ ಎಲ್ಲ ಸೆನ್ಸರ್‌ಗಳನ್ನೂ ಬಿಡಿಸಿ, ಒಂದೊಂದನ್ನೇ ಸೇರಿಸುತ್ತ, ಪ್ರತಿಸಲವೂ ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡುವುದೇ ದಾರಿ. ನಿಧಾನದ ಕೆಲಸ, ಆದರೆ ಊಹೆಗಿಂತ ಮೇಲು.

ಹೆಚ್ಚು ದೂರು ಕೇಳಿಬರುವುದು ಪಿಐಆರ್ ಮೇಲೆ. ಅದು ಚಲನೆಯನ್ನು ನೇರವಾಗಿ ಕಾಣುವುದಿಲ್ಲ. ಮುಂದಿರುವ ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಪಟ್ಟೆಪಟ್ಟೆಯಾಗಿ ಭಾಗ ಮಾಡುತ್ತದೆ, ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಶಾಖ ಸರಿದಾಗ ಸೆನ್ಸರ್ ಎಚ್ಚರಗೊಳ್ಳುತ್ತದೆ. ಮನೆಯ ಕೋಣೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮೋಟರ್‌ಹೋಮ್‌ನ ಒಳಗೆ ಜಾಗ ಚಿಕ್ಕದು, ಗಾಜು ದೊಡ್ಡದು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಮುಂದಿನ ಗಾಜಿನಿಂದ ಬಿಸಿಲು ಬಿದ್ದು ಮೋಡ ಸರಿದಾಗ, ಹೀಟರ್‌ನ ಬಿಸಿಗಾಳಿ ಪರದೆಯನ್ನು ಅಲ್ಲಾಡಿಸಿದಾಗ, ಚಾವಣಿಯ ಕಿಂಡಿಯಿಂದ ತಣ್ಣನೆ ಗಾಳಿ ಇಳಿದಾಗ ಸೆನ್ಸರ್‌ಗೆ ಅದು ಮನುಷ್ಯ ನಡೆದಂತೆಯೇ. ಲೆನ್ಸ್ ಮೇಲೆ ಹರಿದಾಡುವ ಸಣ್ಣ ಜೇಡವೂ ಸಾಕು: ಅಷ್ಟು ಹತ್ತಿರದಲ್ಲಿ ಅದರ ಮೈ ಹಲವು ಪಟ್ಟೆಗಳನ್ನು ಒಟ್ಟಿಗೆ ಮುಚ್ಚಿ ಬಿಡುತ್ತದೆ.

ಸೆನ್ಸರ್ ಮುಂದಿನ ಗಾಜಿಗೆ ಬೆನ್ನು ಹಾಕಿ ಒಳಬಾಗಿಲ ಕಡೆ ನೋಡುವಂತೆ ಕೂರಿಸಿ. ಹೀಟರ್‌ನ ಗಾಳಿ ಬಾಯಿಯಾಗಲಿ ಚಾವಣಿ ಕಿಂಡಿಯಾಗಲಿ ಅದರ ನೋಟದಲ್ಲಿ ಬೀಳಬಾರದು. ಪರದೆಗಳನ್ನು ಕಟ್ಟಿಬಿಡಿ. ಸೆನ್ಸರ್ ಹಿಂದೆ ತಂತಿಗೆಂದು ಕೊರೆದ ತೂತಿನಿಂದ ಗೋಡೆಯೊಳಗಿನ ಗಾಳಿ ನುಗ್ಗುವುದು ಕಣ್ಣಿಗೆ ಕಾಣದ ಕಾರಣ, ಅದನ್ನು ಸಿಲಿಕೋನ್ ಹಾಕಿ ಮುಚ್ಚಿ. ಒಣ ಮೆದು ಬಟ್ಟೆಯಿಂದ ಲೆನ್ಸ್ ಒರೆಸಿ. ಪಲ್ಸ್ ಕೌಂಟ್ ಎಂಬ ಜಂಪರ್ (ಎಷ್ಟು ಸಲ ಶಾಖ ಸರಿದರೆ ಕೂಗಬೇಕೆಂದು ನಿಗದಿ ಮಾಡುವ ಪುಟ್ಟ ಕ್ಲಿಪ್) ಇದ್ದರೆ 1ರಿಂದ 2ಕ್ಕೆ ಬದಲಿಸಿ. ಇಷ್ಟಾದ ಮೇಲೂ ಕೂಗಿದರೆ ಮಾತ್ರ ಸೆನ್ಸಿಟಿವಿಟಿಗೆ ಕೈ ಹಾಕಿ. ಹೆಚ್ಚು ಬೆಲೆಯ ಕಿಟ್‌ಗಳಲ್ಲಿ ಬರುವ ಮೈಕ್ರೋವೇವ್ ಸೆನ್ಸರ್‌ಗೆ ಬಿಸಿಲಿನ ಕಾಟವಿಲ್ಲ. ಆದರೆ ಫೈಬರ್‌ಗ್ಲಾಸ್ ಗೋಡೆ ಅದಕ್ಕೆ ಅಡ್ಡಿಯೇ ಅಲ್ಲ, ಹೊರಗೆ ಪಕ್ಕದಲ್ಲಿ ನಡೆದವರನ್ನೂ ಹಿಡಿಯುತ್ತದೆ. ಇದರ ಸೆನ್ಸಿಟಿವಿಟಿಯನ್ನು ಮಾತ್ರ ಹೊರಗೆ ಒಬ್ಬರನ್ನು ನಡೆಸಿ, ಅವರನ್ನು ಗುರುತಿಸದಷ್ಟಕ್ಕೆ ಮೊದಲೇ ಇಳಿಸಬೇಕು. ಚಿಕ್ಕ ವಾಹನಕ್ಕೆ ಪಿಐಆರ್ ವಾಸಿ.

ಮ್ಯಾಗ್ನೆಟ್ ಕಾಂಟ್ಯಾಕ್ಟ್‌ನಲ್ಲಿ ತಪ್ಪು ಕಡಿಮೆ ಎಂದು ಎಲ್ಲರ ನಂಬಿಕೆ. ವಾಹನ ಸಮತಟ್ಟಾಗಿ ನಿಂತಿರುವವರೆಗೆ ಅದು ನಿಜ. ಒಂದು ಚಕ್ರ ರ‍್ಯಾಂಪ್ ಮೇಲೇರಿದಾಗ ಅಥವಾ ಜ್ಯಾಕ್ ಮೇಲೆ ನಿಂತಾಗ ಬಾಡಿ ತುಸು ತಿರುಚಿಕೊಳ್ಳುತ್ತದೆ. ಬಿಸಿಲಿಗೆ ರಬ್ಬರ್ ಸೀಲ್ ಉಬ್ಬಿ ಬಾಗಿಲನ್ನು ತಳ್ಳುತ್ತದೆ. ಕಾಂಟ್ಯಾಕ್ಟ್ ಮತ್ತು ಮ್ಯಾಗ್ನೆಟ್ ನಡುವೆ ಕೈಪಿಡಿ ಹೇಳಿದ ಗರಿಷ್ಠ ಅಂತರವನ್ನೇ ಬಿಟ್ಟು ಕೂರಿಸಿದ್ದರೆ ಒಂದೆರಡು ಮಿ.ಮೀ. ಹೆಚ್ಚಾದೊಡನೆ ಸರ್ಕ್ಯೂಟ್ ತೆರೆದುಕೊಳ್ಳುತ್ತದೆ. ಆ ಗರಿಷ್ಠದ ಅರ್ಧಕ್ಕಿಂತ ಕಡಿಮೆ ಅಂತರವಿರಲಿ. ಕೀಲಿನ ಕಡೆ ಬೇಡ, ಚಿಲಕದ ಕಡೆ ಹಾಕಿ. ಕಬ್ಬಿಣದ ಚೌಕಟ್ಟಿನ ಮೇಲೆ ನೇರವಾಗಿ ಅಂಟಿಸಿದರೆ ಮ್ಯಾಗ್ನೆಟ್‌ನ ಬಲ ಕುಗ್ಗುತ್ತದೆ, ಕೆಳಗೆ ಪ್ಲಾಸ್ಟಿಕ್ ಸ್ಪೇಸರ್ ಬೇಕು. ಪರೀಕ್ಷೆ ಸುಲಭ: ಟೆಸ್ಟ್ ಮೋಡ್‌ನಲ್ಲಿಟ್ಟು, ಬಾಗಿಲು ಹಾಕಿ, ಹಿಡಿಯನ್ನು ಹೊರಕ್ಕೆ ಎಳೆದು ಒಳಕ್ಕೆ ಒತ್ತಿ. ಎಲ್‌ಇಡಿ ಮಿನುಗಿದರೆ ಅದೇ ಬಾಗಿಲು. ತಂತಿಯ ಕಾಂಟ್ಯಾಕ್ಟ್ ಆದರೆ ಮಲ್ಟಿಮೀಟರ್‌ನ ಓಮ್ ಸ್ಥಾನದಲ್ಲಿ ಅದರ ಎರಡು ತುದಿ ಹಿಡಿದು ತಂತಿಯನ್ನು ಅಲ್ಲಾಡಿಸಿ. ಬಾಗಿಲು ಮುಚ್ಚಿದಾಗ ಸೊನ್ನೆಯ ಹತ್ತಿರ ನಿಲ್ಲಬೇಕಾದ ಅಂಕಿ ಜಿಗಿದಾಡಿದರೆ ತಂತಿ ಎಲ್ಲೋ ಮುರಿದಿದೆ. ಬಾನೆಟ್ ಸ್ವಿಚ್‌ಗೆ ನೀರು ಬೀಳುವುದರಿಂದ ತುಕ್ಕು ಹಿಡಿಯುವುದು ಸಹಜ, ಅದನ್ನು ಕ್ಲೀನ್ ಮಾಡುವುದಕ್ಕಿಂತ ಬದಲಿಸುವುದೇ ಲೇಸು.

ಕೂಗಿದ್ದು ಯಾವ ಝೋನ್ ಎಂದೂ ಮೆಮೊರಿಯಲ್ಲಿ ಕಾಣದಿದ್ದರೆ ಸಂಶಯ ಕರೆಂಟಿನ ಮೇಲೆ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸುತ್ತದೆ. ಆದರೆ ಬ್ಯಾಟರಿಯ ಬಳಿ ಅಳೆದು ತೃಪ್ತಿಪಡಬೇಡಿ. ಮೀಟರನ್ನು ಕಂಟ್ರೋಲ್ ಬಾಕ್ಸ್‌ನ ಟರ್ಮಿನಲ್‌ಗೇ ಹಿಡಿದು ನೀರಿನ ಪಂಪ್ ಶುರು ಮಾಡಿ, ಕಂಪ್ರೆಸರ್ ಫ್ರಿಜ್ ಇದ್ದರೆ ಅದು ಹೊತ್ತುಕೊಳ್ಳುವವರೆಗೆ ಕಾಯಿರಿ. ಆ ಕ್ಷಣಕ್ಕೆ ಅಂಕಿ ಅರ್ಧ ವೋಲ್ಟ್‌ಗಿಂತ ಹೆಚ್ಚು ಕುಸಿದರೆ ತಂತಿ ಅಥವಾ ಅರ್ತ್ ಸರಿಯಿಲ್ಲ. ಪಂಪಿನ ಲೈನಿನಿಂದಲೇ ಅಲಾರಂಗೆ ಕರೆಂಟು ಕೊಟ್ಟಿರುವುದು ಸಾಮಾನ್ಯ ತಪ್ಪು. ಬ್ಯಾಟರಿಯಿಂದ ನೇರ ಬೇರೆ ತಂತಿ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಕೈಪಿಡಿ ಹೇಳಿದ ಆಂಪಿಯರ್‌ನ ಫ್ಯೂಸ್ ಹಾಕಿ. ಫೈಬರ್‌ಗ್ಲಾಸ್ ಬಾಡಿಗೆ ಅರ್ತ್ ಆಗುವುದಿಲ್ಲ, ಬಣ್ಣದ ಮೇಲೆ ಬೋಲ್ಟ್ ಬಿಗಿದರೂ ಆಗುವುದಿಲ್ಲ. ನೆಗೆಟಿವ್ ತಂತಿಯೂ ಬ್ಯಾಟರಿಯ ತನಕ ಹೋಗಲಿ.

ಕೆಲವು ಅಲಾರಂಗಳಲ್ಲಿ ವೋಲ್ಟೇಜ್ ಕುಸಿತವನ್ನೇ ಕಳ್ಳತನದ ಗುರುತೆಂದು ಹಿಡಿಯುವ ಸೌಲಭ್ಯವಿದೆ. ಬಾಗಿಲು ತೆರೆದರೆ ದೀಪ ಹತ್ತುತ್ತದೆ, ವೋಲ್ಟೇಜ್ ಇಳಿಯುತ್ತದೆ ಎಂಬುದು ಅದರ ಲೆಕ್ಕ. ಕಾರಿಗೆ ಸರಿ. ಫ್ರಿಜ್‌ನ ಫ್ಯಾನ್, ಹೀಟರ್‌ನ ಇಗ್ನಿಷನ್, ಎಂಜಿನ್ ಆರಿದ ಮೇಲೂ ತಿರುಗುವ ರೇಡಿಯೇಟರ್ ಫ್ಯಾನ್ ಇರುವ ವಾಹನದಲ್ಲಿ ಅದು ತೊಂದರೆಯೇ ಹೊರತು ರಕ್ಷಣೆಯಲ್ಲ. ಮೊದಲ ದಿನವೇ ಆಫ್ ಮಾಡಿ. ಆಫ್ ಮಾಡಲು ಬಿಡದ ಕಿಟ್ಟನ್ನು ನಾವು ಶಿಫಾರಸು ಮಾಡುವುದಿಲ್ಲ. ಸೈರನ್‌ನ ಒಳಗಿನ ಬ್ಯಾಟರಿ ಕೆಲವು ವರ್ಷಗಳಲ್ಲಿ ಸತ್ತುಹೋಗುತ್ತದೆ, ಆಗ ಸೈರನ್ ತಾನಾಗಿಯೇ ಅರೆಬರೆ ಕೂಗತೊಡಗುತ್ತದೆ. ಅಂಥ ಸೈರನ್‌ನ ಬ್ಯಾಟರಿ ಬದಲಿಸಲು ಬರುತ್ತದೆಯೇ ಎಂದು ಕೊಳ್ಳುವ ಮುನ್ನ ಕೇಳಿ, ಹಲವದರಲ್ಲಿ ಬರುವುದಿಲ್ಲ.

ವೈರ್‌ಲೆಸ್ ಸೆನ್ಸರ್‌ಗಳ ಬ್ಯಾಟರಿಯೂ ಅಷ್ಟೇ. 3 ವೋಲ್ಟ್‌ನ ಲಿಥಿಯಂ ಗುಂಡಿ ಬ್ಯಾಟರಿ ಚಳಿಗೆ ಸೋಲುತ್ತದೆ, ಬೆಳಗಿನ ಜಾವ ಸೆನ್ಸರ್ ಕಾಣೆಯಾಯಿತು ಎಂಬ ಅಲಾರಂ ಬಂದರೆ ಮೊದಲು ಅದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿ ತಾರೀಕನ್ನು ಸೆನ್ಸರ್ ಒಳಮೈಯಲ್ಲಿ ಬರೆದಿಡುವುದು ಒಳ್ಳೆಯದು. ಲೋಹದ ಲಾಕರ್‌ನೊಳಗೆ ಸೆನ್ಸರ್ ಕೂತಿದ್ದರೆ ಸಿಗ್ನಲ್ ಹೊರಬರುವುದೇ ಕಷ್ಟ, ಅಲ್ಲಿಗೆ ತಂತಿಯ ಕಾಂಟ್ಯಾಕ್ಟ್ ಎಳೆಯಿರಿ.

ಗ್ಯಾಸ್ ಸೆನ್ಸರ್ ಸೇರಿದ ಕಿಟ್‌ಗಳು ಡಿಯೋಡರೆಂಟ್, ಹೇರ್‌ಸ್ಪ್ರೇ, ಸ್ಪಿರಿಟ್ ವಾಸನೆಗೂ ಕೂಗುತ್ತವೆ, ಆದರೆ ಗಾಳಿಯಾಡಿಸಿ ಗ್ಯಾಸ್ ಸೋರಿಕೆ ಇಲ್ಲವೆಂದು ಖಾತರಿಯಾಗುವವರೆಗೆ ಅದನ್ನು ಸುಳ್ಳೆಂದು ತಳ್ಳಿಹಾಕಬೇಡಿ. ಅಲುಗಾಟದ ಸೆನ್ಸರ್ ಜೋರು ಗಾಳಿಗೆ, ಪಕ್ಕದಲ್ಲಿ ಹಾದ ಲಾರಿಗೆ ಕೂಗುತ್ತದೆ. ನಾಲ್ಕು ಮೂಲೆಯ ಸ್ಟೆಡಿ (ವಾಹನ ಅಲುಗದಂತೆ ನೆಲಕ್ಕೆ ಊರುವ ಕಾಲು) ಇಳಿಸಿದರೆ ಬಹಳಷ್ಟು ನಿಲ್ಲುತ್ತದೆ.

ರಾತ್ರಿ ಒಳಗೇ ಮಲಗುವವರಿಗೆ ಬಾಗಿಲು, ಲಾಕರ್‌ಗಳನ್ನಷ್ಟೇ ಕಾಯುವ ನೈಟ್ ಮೋಡ್ ಕಡ್ಡಾಯ ಎನ್ನಬೇಕು, ಅದಕ್ಕೆ ರಿಮೋಟ್‌ನಲ್ಲೇ ಪ್ರತ್ಯೇಕ ಬಟನ್ ಇರಬೇಕು. ಎಲ್ಲ ಸೆನ್ಸರ್ ಬಿಡಿಸಿ, ಬಾಕ್ಸನ್ನು ಬೇರೆ ಒಳ್ಳೆಯ 12 ವೋಲ್ಟ್ ಬ್ಯಾಟರಿಗೆ ಜೋಡಿಸಿ ಆನ್ ಮಾಡಿದಾಗಲೂ ಕೂಗಿದರೆ ದೋಷ ಬಾಕ್ಸ್‌ನದು ಇಲ್ಲವೇ ಸೈರನ್‌ನದು. ಅಳೆದ ವೋಲ್ಟೇಜ್ ಮತ್ತು ಎಲ್‌ಇಡಿ ಮಿನುಗಿದ ಲೆಕ್ಕ ಬರೆದ ಚೀಟಿಯೊಂದಿಗೆ ವಾರಂಟಿಯಲ್ಲೇ ವಾಪಸು ಕಳಿಸಿ.