ಪದ್ಮಿನಿ ಕಾರು ಇಟ್ಟುಕೊಂಡವರೇ, ನಾಲ್ಕೂ ಪ್ಲಗ್ ವೈರ್ ಒಟ್ಟಿಗೆ ಕೀಳಲು ಬಿಡಬೇಡಿ

ಅಪ್ಪ ಓಡಿಸುತ್ತಿದ್ದ ಪ್ರೀಮಿಯರ್ ಪದ್ಮಿನಿ ಇನ್ನೂ ನಮ್ಮ ಮನೆಯಲ್ಲಿದೆ. ಭಾನುವಾರ ದಾವಣಗೆರೆಯೊಳಗೇ ಒಂದು ರೌಂಡು, ಬೆಣ್ಣೆದೋಸೆ ತಿಂದು ವಾಪಸ್. ಅಷ್ಟೇ ಅದರ ಕೆಲಸ.

ಹೋದ ತಿಂಗಳು, ಎಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಕೊಡುವ ಪ್ಲಗ್ ಕ್ಲೀನ್ ಮಾಡಿಸಲು ಊರಿನ ಒಂದು ಗ್ಯಾರೇಜಿಗೆ ಬಿಟ್ಟೆ. ಹೆಸರು ಬೇಡ. ಅಲ್ಲಿನ ಹುಡುಗ ನಾಲ್ಕೂ ವೈರನ್ನು ಒಂದೇ ಸಲ ಕಿತ್ತು ಪಕ್ಕಕ್ಕೆ ಹಾಕಿದ. ಗುರುತಿಲ್ಲ, ಏನಿಲ್ಲ. ನಾನು ಅಲ್ಲೇ ಟೀ ಕುಡಿಯುತ್ತಾ ಸುಮ್ನೆ ನೋಡುತ್ತಿದ್ದೆ. ತಪ್ಪು ನನ್ನದೂ ಇದೆ.

ಕೀ ತಿರುಗಿಸಿದರೆ ಸ್ಟಾರ್ಟ್ ಇಲ್ಲ, ಸೈಲೆನ್ಸರಿನಲ್ಲಿ ಢಂ ಅಂತ ಪಟಾಕಿ! ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ನಾಲ್ಕು ಸಿಲಿಂಡರಿಗೆ ಕಿಡಿ ಹೋಗುವ ಸರದಿ, 1-3-4-2. ಆ ಹುಡುಗ 1-2-3-4 ಅಂತ ಸಾಲಾಗಿ ಸಿಕ್ಕಿಸಿದ್ದ. ಮೇಸ್ತ್ರಿ ಬೈದು ಅವಸರದಲ್ಲಿ ಸರಿ ಮಾಡಿದರು. ಗಾಡಿ ಚೆನ್ನಾಗೇ ಓಡಿತು, ಊರೊಳಗೆ.

ಮರುವಾರ ಅಮ್ಮನನ್ನು ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೊರಟೆ. ಭರಮಸಾಗರ ದಾಟಿ ಏರು ಸಿಕ್ಕಿದ್ದೇ ಮಿಸ್ಸಿಂಗ್ ಶುರು, ಅಂದರೆ ನಡುನಡುವೆ ಸಿಲಿಂಡರ್ ಉರಿಯದೆ ತಪ್ಪುವುದು. ಜರ್ಕ್, ಹಿಂದಿನಿಂದ ಪೆಟ್ರೋಲ್ ವಾಸನೆ, ಪಕ್ಕದಲ್ಲಿ ಲಾರಿಗಳ ಹಾರ್ನ್. ಅಮ್ಮ ದುರ್ಗ ಬರುವ ತನಕ ದೇವರ ಹೆಸರು ಬಿಡಲಿಲ್ಲ.

ಅದೇ ಗ್ಯಾರೇಜಿಗೆ ಮತ್ತೆ ಹೋದೆ. "ಕಾರ್ಬೊರೇಟರ್ ಸಾರ್" ಅಂದರು, ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ. ಕಿಟ್, ಕೂಲಿ ಸೇರಿ 3,800 ರೂಪಾಯಿ. ಮಿಸ್ಸಿಂಗ್ ಮಾತ್ರ ಹಾಗೇ ಇತ್ತು.

ಕೊನೆಗೆ ನಮ್ಮ ಬೀದಿಯ ಹಿರಿಯರೊಬ್ಬರು, ಹಳೇ ಟ್ಯಾಕ್ಸಿ ಡ್ರೈವರ್, ಕೇಳಿದರು: "ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದೆಯೇನಪ್ಪಾ?" ರಾತ್ರಿ ಲೈಟ್ ಆರಿಸಿ ಎಂಜಿನ್ ಓಡಿಸಿದೆವು. ನಾಲ್ಕೂ ವೈರಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಹತ್ತಿರ ಟಿಕ್ ಟಿಕ್ ಅಂತ ನೀಲಿ ಕಿಡಿ. ಮೂರನೇ ವೈರ್! ನಾನು ಮುಟ್ಟಲು ಹೋದರೆ ಕೈ ಹಿಡಿದು ನಿಲ್ಲಿಸಿದರು. ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಎಂಜಿನ್ ಆಫ್ ಮಾಡಿ ಎಳೆದರೆ ಬೆರಳಿಗೇ ಬಂತು. ಒಳಗೆ ಪೂರ್ತಿ ಕೂತೇ ಇರಲಿಲ್ಲ. ಹಿತ್ತಾಳೆ ತುದಿಗೆ ಹಸಿರು ಕಿಲುಬು, ಕ್ಯಾಪಿನ ತೂತು ಸುಟ್ಟು ಕಪ್ಪು. ಸಮತಟ್ಟಿನಲ್ಲಿ ಕಿಡಿ ಹೇಗೋ ಹಾರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ, ಕಿಡಿ ಹಾರಲು ವೋಲ್ಟೇಜೂ ಜಾಸ್ತಿ ಬೇಕು. ಅಲ್ಲೇ ಕೈಕೊಡುತ್ತಿದ್ದದ್ದು. ಉಪ್ಪುಕಾಗದದಲ್ಲಿ ಉಜ್ಜಿ, ಒತ್ತಿ ಕೂರಿಸಿದೆವು. ಖರ್ಚು ಆ ಕಾಗದದ್ದು ಮಾತ್ರ.

ಹಾಗಾಗಿ ನೀವೇ ಎದುರಿಗೆ ನಿಂತು, ಒಂದು ವೈರ್ ತೆಗೆದು ನೋಡಿ ವಾಪಸ್ ಹಾಕಿದ ಮೇಲೇ ಇನ್ನೊಂದನ್ನು ಮುಟ್ಟಲು ಹೇಳಿ. ಟೇಪ್ ಸುತ್ತಿ ನಂಬರ್ ಬರೆದುಬಿಡಿ, ರೇಡಿಯೇಟರ್ ಕಡೆಯ ಸಿಲಿಂಡರಿನದು ಒಂದನೆಯದು. ವೈರ್ ಹಿಡಿದು ಜಗ್ಗಿದರೆ ಒಳಗಿನ ಎಳೆ ತುಂಡಾಗಿ ಹೊರಗೆ ಗೊತ್ತೇ ಆಗುವುದಿಲ್ಲ. ವೈರ್ ತುದಿಯ ರಬ್ಬರ್ ಕ್ಯಾಪನ್ನೇ ಹಿಡಿದು ಸ್ವಲ್ಪ ತಿರುಗಿಸಿ ಎಳೆಯಬೇಕು.

ಕಾರ್ಬೊರೇಟರ್ ದುಡ್ಡು ಕೇಳಲು ಹೋದೆ. "ಅದೂ ಹಳೇದಾಗಿತ್ತಲ್ವಾ ಸಾರ್" ಅಂದರು. ಬಿಚ್ಚಿದ ಹಳೇ ಸಾಮಾನಾದರೂ ಕೊಡಿ ಅಂದೆ. ಅದು ಗುಜರಿಗೆ ಹೋಗಿತ್ತಂತೆ.